ಮೂರನೆಯ ಚುಕ್ಕಿ

ಅಪ್ಪಾ,

ಆನ್‌ಲೈನಿನಲ್ಲಿ ಮಾರುವ ಹಳೆ ಕಾರಿನ ಭಾಗಗಳು ಅಸಲಿಯೋ ನಕಲಿಯೋ ಎಂದು ನೋಡುವ ನನ್ನ ಮೇಜಿಗೇ ನಿನ್ನೆ ಒಂದು ಕಾರ್ಬುರೇಟರ್ ಬಂತು. ಕಂಪನಿ ಕೆತ್ತಿದ ನಂಬರು ಸರಿಯಿತ್ತು, ಮಾಲು ಅಸಲಿಯೇ. ತಿರುಗಿಸಿದರೆ ತಳದಲ್ಲಿ ಮೂರು ಚುಕ್ಕಿ. ರಿಪೇರಿಗೆ ಬಿಚ್ಚಿದಾಗಲೆಲ್ಲ ಪಂಚಿನಿಂದ ಒಂದೊಂದು ಚುಕ್ಕಿ ಹೊಡೆಯುವ ಚಾಳಿ ನಿಮ್ಮೊಬ್ಬರದೇ. ಮೂರನೆಯದು ಸೊಟ್ಟಗಿದೆ, ಅದನ್ನು ಹೊಡೆದವಳು ನಾನು.

ಮೊನ್ನೆ ಫೋನಿನಲ್ಲಿ, "ಗಾಡಿಗೇನಮ್ಮ, ಗುಂಡುಕಲ್ಲಿನ ಹಾಗಿದೆ, ದಿನಾ ಸ್ಟಾರ್ಟ್ ಮಾಡ್ತೀನಿ" ಅಂದಿರಿ. ಇದಿಲ್ಲದೆ ಯಾವ ಗಾಡಿ ಸ್ಟಾರ್ಟ್ ಆಗುತ್ತದೆ? ಕಾರಣ ಕೇಳಲು ಎರಡು ಸಲ ಫೋನ್ ಎತ್ತಿ ಇಟ್ಟೆ.

ಅಸಲಿ ಎಂದು ಬರೆದರೆ ಕೊಂಡವರಿಗೆ ಹೋಗುತ್ತದೆ, ನಕಲಿ ಎಂದರೆ ಮಾರಿದವರಿಗೆ ವಾಪಸ್ಸು. ಈ ಕೆಲಸದಲ್ಲಿ ಒಮ್ಮೆಯೂ ಸುಳ್ಳು ಬರೆದವಳಲ್ಲ. ಇವತ್ತು ಬರೆದೆ.

ಭಾನುವಾರ ಬಂದು ನಾನೇ ಕೂರಿಸುತ್ತೇನೆ. ಅಷ್ಟರೊಳಗೆ ಸ್ಪ್ಯಾನರುಗಳನ್ನಾದರೂ ಮಾರಬೇಡಿ.

ನಿಮ್ಮ ಸೊಟ್ಟ ಕೈಯ ಮಗಳು