ಹಾಟ್‌ಗೆ ವಿರುದ್ಧ ಪದ

ತರೀಕೆರೆ
೧೮-೧೧-೧೯೬೩

ಚಿರಂಜೀವಿ ಬಸವರಾಜನಿಗೆ ನಿನ್ನ ಅಕ್ಕ ಮನಸಾರೆ ಹರಸಿ ಬರೆಯುವುದು.

ಅಣೆಕಟ್ಟಿನ ಕೆಲಸದಲ್ಲಿ ನೆನೆದು ಹತ್ತಿಸಿಕೊಂಡ ಆ ಕೆಮ್ಮು ಹೋಯಿತೇ? ಮೆಸ್ಸಿನಲ್ಲಿ ರಾಗಿ ಕಣ್ಣಿಗೂ ಬೀಳುವುದಿಲ್ಲ ಎಂದು ಬರೆದಿದ್ದೆಯಲ್ಲ, ಅಮ್ಮ ಹುರಿಹಿಟ್ಟು ಮಾಡಿ ಡಬ್ಬಿ ತುಂಬಿದ್ದಾಳೆ. ಅತ್ತ ಬರುವವರು ಸಿಕ್ಕರೆ ಕಳಿಸುತ್ತೇನೆ. ಅವಳ ಮಂಡಿನೋವು ಇದ್ದ ಹಾಗೇ ಇದೆ. ನನ್ನ ಸ್ಕೂಲು ನಡೆದಿದೆ. ಈ ವರ್ಷ ಐದನೆಯ ಕ್ಲಾಸಿನ ಇಂಗ್ಲಿಷನ್ನೂ ನನ್ನ ತಲೆಗೇ ಕಟ್ಟಿದ್ದಾರೆ.

ನೀನು ಹೇಳಿದಂತೆ ಹಿಂದಿನ ವಾರ ಅಮ್ಮನನ್ನು ಕರೆದುಕೊಂಡು ಅಜ್ಜಂಪುರಕ್ಕೆ ಹೋಗಿ ಹೆಣ್ಣು ನೋಡಿ ಬಂದೆ. ಕಡೂರಿನಲ್ಲಿ ನಿನ್ನ ಸ್ನೇಹಿತನ ಮದುವೆಯಲ್ಲಿ ನೀನು ಕಂಡು ಮನಸ್ಸು ಕೊಟ್ಟು ಬಂದ ಮಲ್ಲಿಕಾಂಬಳೇ. ಹುಡುಗಿ ಲಕ್ಷಣವಾಗಿದ್ದಾಳೆ, ನಿನ್ನ ಕಣ್ಣು ತಪ್ಪಿಲ್ಲ. ಆದರೆ ಅವಳು ಯಾರ ತಂಗಿ ಎಂದು ನಿನಗೆ ಗೊತ್ತಿರಲಿಲ್ಲ. ಅವರ ಜಗಲಿ ಹತ್ತುವವರೆಗೆ ನನಗೂ ಗೊತ್ತಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಆ ಮನೆಗೆ ಅಣ್ಣನೇ ಯಜಮಾನ. ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಆ ಅಣ್ಣ, ಓಂಕಾರಮೂರ್ತಿ.

ನೀನಾಗ ಅಜ್ಜಿಯ ಮನೆಯಲ್ಲಿ ಓದಿಕೊಂಡಿದ್ದವನು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಹತ್ತು ವರ್ಷದ ಹಿಂದೆ ನಾವು ಯಗಟಿಯಲ್ಲಿದ್ದಾಗ ನನ್ನನ್ನು ನೋಡಲು ಬಂದಿದ್ದ ಗಂಡು ಇವನೇ. ಆಗ ಬಿ.ಎ. ಓದುತ್ತಿದ್ದ. ಎಲ್ಲರೂ ಹಾಡು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂದು ಕೇಳಿದರೆ ಇವನು, "ಹಾಟ್ ಅನ್ನೋದಕ್ಕೆ ಆಪೋಸಿಟ್ ಹೇಳು ನೋಡಾಣ" ಎಂದ. ನಾನು ತಲೆ ತಗ್ಗಿಸಿಕೊಂಡೇ ಕೂಲ್ ಎಂದೆ. ಅವನು ಗಟ್ಟಿಯಾಗಿ ನಕ್ಕು, "ಕೋಲ್ಡ್ ಅನ್ನಕ್ಕೂ ಬರಲ್ವಲ್ರೀ ನಿಮ್ಮ್ ಹುಡುಗೀಗೆ!" ಎಂದು ಅಪ್ಪನ ಕಡೆ ತಿರುಗಿದ. ಇಂಗ್ಲಿಷಿನ ಗಂಧವಿಲ್ಲದ ಅವನ ನೆಂಟರೂ ನಕ್ಕರು. ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದು, "ಊರಿಗೋಗಿ ಕಾಗ್ದ ಬರೀತೀವಿ" ಎಂದು ಎದ್ದ.

ಬೇಡ ಎಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆವು. ಬೇಡವೆಂದೂ ಬರೆಯಲಿಲ್ಲ, ಬೇಕೆಂದೂ ಬರೆಯಲಿಲ್ಲ. ಅಪ್ಪ ಟಪಾಲು ತರುವ ಬಸ್ಸಿಗಾಗಿ ದಿನಾ ಹೋಗಿ ನಿಲ್ಲುತ್ತಿದ್ದರು. ಹಿರೇನಲ್ಲೂರಿನಿಂದ ಒಳ್ಳೆಯ ಸಂಬಂಧ ಬಂದಾಗ, "ಒಂದ್ ಕಡೆ ಮಾತು ನಿಂತೈತೆ ಕಣಪ್ಪಾ, ಅವ್ರು ಏನಂತಾರೋ ತಿಳೀದೆ ನಾನೆಂಗೆ ಹೂಂ ಅನ್ಲಿ" ಎಂದು ಕಳಿಸಿಬಿಟ್ಟರು. ಮರುವರ್ಷ ಸಂತೆಯಲ್ಲಿ ಯಾರೋ ಓಂಕಾರಮೂರ್ತಿಯ ಮದುವೆ ಊಟವನ್ನು ಹೊಗಳುತ್ತಿದ್ದರಂತೆ, ಅಪ್ಪ ನಿಂತು ಪೂರ್ತಿ ಕೇಳಿಸಿಕೊಂಡು ಬಂದರು. ಆಮೇಲೆ ಅವರು ನನ್ನ ಮುಖ ನೋಡಿ ಮಾತಾಡಿದ್ದೇ ಕಡಿಮೆ. ಆ ಕೊರಗಿನಲ್ಲೇ ಹೋದರು. ನನಗೂ ಮತ್ತೆ ಯಾವ ಸಂಬಂಧವೂ ಕೂಡಿಬರಲಿಲ್ಲ.

ನಾನು ಇಂಗ್ಲಿಷ್ ಕಲಿತದ್ದು ಬರೀ ಹಟಕ್ಕೆ. ಪಾಠ ಹೇಳಿಕೊಟ್ಟ ಷಣ್ಮುಖಪ್ಪ ಮೇಷ್ಟರು ಉರು ಹೊಡೆಸುವವರಲ್ಲ. "ಪದಾನ ಒಂಟಿಯಾಗಿ ಹಿಡೀಬ್ಯಾಡ ಕಣಮ್ಮ, ಅದರ ನೆಂಟ್ರನ್ನೂ ಕರ್ಕೊಂಡ್ ಬಾ" ಎನ್ನುತ್ತಿದ್ದರು. ಬಿಗ್ ಮತ್ತು ಲಾರ್ಜ್ ಅಣ್ಣತಮ್ಮಂದಿರು, ಆದರೂ ಬಿಗ್ ಬ್ರದರ್ ಎನ್ನುವ ಕಡೆ ಲಾರ್ಜ್ ಬ್ರದರ್ ಎಂದರೆ ಜನ ನಗುತ್ತಾರೆ. ಬೈ ಮತ್ತು ಸೆಲ್ ಬೀಗರು, ಒಬ್ಬರು ಕೊಳ್ಳದೆ ಇನ್ನೊಬ್ಬರು ಮಾರುವಂತಿಲ್ಲ. ಆನಿಮಲ್ ಮನೆಯ ಹಿರಿಯ. ಕೌ, ಶೀಪ್, ಡಾಗ್ ಎಲ್ಲ ಅದರ ಸಂಸಾರ. ವಿರುದ್ಧ ಪದಗಳಲ್ಲೂ ಎಲ್ಲವೂ ಒಂದೇ ಬಗೆಯಲ್ಲ. ಅಲೈವ್, ಡೆಡ್ ಎಂದರೆ ನಡುವೆ ಜಾಗವೇ ಇಲ್ಲ. ಆದರೆ ಹಾಟ್‌ಗೂ ಕೋಲ್ಡ್‌ಗೂ ನಡುವೆ ವಾರ್ಮ್, ಕೂಲ್ ಸಾಲಾಗಿ ಪಂಕ್ತಿಯಲ್ಲಿ ಕೂತಿವೆ. ನಾನು ಹೇಳಿದ ಕೂಲ್ ಕೋಲ್ಡಿನ ಪಕ್ಕದ ಎಲೆಯಲ್ಲೇ ಇತ್ತು ಕಣೋ ಬಸವರಾಜ! ಅಷ್ಟಕ್ಕೆ ನನ್ನನ್ನು ಪಂಕ್ತಿಯಿಂದಲೇ ಎಬ್ಬಿಸಿದರು. ಈ ಪಾಠ ಆದ ದಿನ ಮೇಷ್ಟರ ಎದುರಿಗೇ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ಓಂಕಾರಮೂರ್ತಿಗೆ ನನ್ನ ಗುರುತೇ ಸಿಗಲಿಲ್ಲ. ನೋಡಿ ಬಿಟ್ಟ ಹೆಣ್ಣುಗಳಲ್ಲಿ ಯಾರನ್ನೆಂದು ನೆನಪಿಟ್ಟುಕೊಂಡಾನು? ಬಿ.ಎ. ಅರ್ಧಕ್ಕೆ ಬಿಟ್ಟು ಜವಳಿ ಅಂಗಡಿ ಹಾಕಿದ್ದಾನೆ. ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ನೋಡಿ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಅಮ್ಮ ಗುರುತು ಹಿಡಿದು ನನ್ನ ಸೆರಗು ಜಗ್ಗಿದಳು; ಕಣ್ಣಲ್ಲೇ ಗದರಿ ಕೂರಿಸಿದೆ. "ನಮ್ ಹುಡುಗಿ ಎಸ್ಸೆಸ್ಸೆಲ್ಸಿ ಪಾಸು ಮೇಡಂ, ಇಂಗ್ಲಿಷಲ್ಲಿ ಏನ್ ಬೇಕಾದ್ರೂ ಕೇಳಿ" ಎಂದು ಅವನೇ ಬಾಯಿಬಿಟ್ಟ. ಮಲ್ಲಿಕಾಂಬ ಕೇಸರಿಬಾತಿನ ತಟ್ಟೆ ತಂದು ನನ್ನ ಮುಂದಿಟ್ಟಳು. "ಅವಳನ್ನ್ಯಾಕ್ರೀ, ನಿಮ್ಮನ್ನೇ ಕೇಳ್ತೀನಿ" ಎಂದೆ. ಆಕ್ಸೆಪ್ಟ್‌ಗೆ ಆಪೋಸಿಟ್ ಕೇಳಿದರೆ ಥಟ್ಟನೆ ರಿಜೆಕ್ಟ್ ಎಂದ. ಎರಡರ ನಡುವೆ ಏನಿದೆ ಎಂದು ಕೇಳಿದೆ. ಹೆಂಡತಿಯ ಮುಖ ನೋಡಿದ, ನೆಂಟರ ಮುಖ ನೋಡಿದ, ಟವಲಿನಿಂದ ಹಣೆ ಒರೆಸಿಕೊಂಡ. "ಏನೂ ಇಲ್ಲ ಅಲ್ವಾ ಮೇಡಂ?" ಎಂದ, ಹೋಂವರ್ಕ್ ಮಾಡದ ನನ್ನ ಹುಡುಗರ ದನಿಯಲ್ಲಿ. "ಐತೆ, ಯೋಚ್ನೆ ಮಾಡಿ" ಎಂದೆ. ಆ ನಡುವಿನಲ್ಲಿ ನಮ್ಮ ಅಪ್ಪ ಒಂದು ವರ್ಷ ನಿಂತಿದ್ದರು ಎಂದು ಅವನಿಗೆ ನಾನೇಕೆ ಹೇಳಲಿ? ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದೆ. ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಎದ್ದು ಬಂದೆ.

ಆಗಲೇ ಅವನಿಂದ ಎರಡು ಕಾಗದ ಬಂದಿವೆ. ಒಲೆಗೆ ಹಾಕಿದೆ. ಅಮ್ಮ, "ಸಾಕು ಬಿಡೇ, ಹುಡುಗನ ಆಸೆ ಯಾಕೆ ಮುರೀತೀಯ" ಎನ್ನುತ್ತಾಳೆ. ನನಗೆ ಸಾಕಾಗಿಲ್ಲ.

ರಾತ್ರಿ ಪಾಳಿಯಲ್ಲಿ ಕಿವಿಗೆ ಮಫ್ಲರ್ ಕಟ್ಟಿಕೋ. ಅಮ್ಮ ನಿನ್ನ ತಲೆ ನೇವರಿಸಿದ್ದಾಳೆ ಎಂದು ಬರೆಯಲು ಹೇಳಿದಳು.

ನಿನ್ನ ಅಕ್ಕ,
ಪಂಕಜಾಕ್ಷಿ

ತಾ.ಕ.: ಟಪಾಲಿಗೆ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಮಲ್ಲಿಕಾಂಬ ನೀರು ಹಾಕುತ್ತಾ ಪಿಸುಗುಟ್ಟಿದಳು: "ನೀವು ಯಗಟಿ ಅಕ್ಕ ಅಲ್ವಾ? ಅವತ್ತು ಅಣ್ಣನ ಜೊತೆ ನಾನೂ ಬಂದಿದ್ದೆ, ಆಗಿನ್ನೂ ಚಿಕ್ಕೋಳು. ನೀವು ಅಳ್ತಾ ಅಳ್ತಾನೇ ನಂಗೆ ಹೂ ಮುಡಿಸಿದ್ರಿ. ನಮ್ಮಣ್ಣನ್ನ ಚೆನ್ನಾಗಿ ಕಾಯಿಸಿ ಅಕ್ಕ, ನನ್ನ ಮಾತ್ರ ಬಿಟ್ಬಿಡ್ಬ್ಯಾಡಿ." ಅವಳ ಒದ್ದೆ ಕೈ ಹಿಡಿದು ಮಾತು ಕೊಟ್ಟು ಬಂದಿದ್ದೇನೆ. ಯುಗಾದಿಗೆ ಹೂಂ ಎಂದು ನಾನೇ ಅವನಿಗೆ ಕಾಗದ ಬರೆಯುತ್ತೇನೆ, ಹಬ್ಬ ಕಳೆದ ಮೇಲೆ ನಿಮ್ಮ ಮದುವೆ. ಆ ಕಾಗದ ಹೋಗುವವರೆಗೆ ಅವನು ಅಲ್ಲಿಗೇ ಬಂದು ಕಾಲು ಹಿಡಿದರೂ ನೀನು ಹೂಂ ಅನ್ನಬೇಡ, ಉಹೂಂ ಅನ್ನಬೇಡ, ಚಹಾ ಕುಡಿಸಿ ಕಳಿಸು. ಧಾರೆಯ ದಿನ, ಎಲ್ಲರ ಎದುರಿಗೆ, ನಾನು ಯಾರ ಮಗಳೆಂದು ನಾನೇ ಅವನಿಗೆ ಹೇಳುತ್ತೇನೆ.