ಒಂದೇ ಒಂದು ಗೆರೆ

ನವೆಂಬರ್ ೧೪, ಗುರುವಾರ. ಚಂದ್ರಾ ಲೇಔಟ್.

ಆ ಗೆರೆ ಇನ್ನೂ ತಲೆಯಿಂದ ಹೋಗುತ್ತಿಲ್ಲ.

ಚನ್ನಕೇಶವ ಸಾರ್ ರಾಜಾಜಿನಗರ ಬಿಟ್ಟು ಮಗಳ ಊರಿಗೆ ಹೋದಮೇಲೆ, ಸಂಜೆ ಹವ್ಯಾಸಿಗಳು ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೊದಲ್ಲಿ ನಾನು ಕರೆದರೆ ಓಗೊಡುವವರಿಲ್ಲ. ಲೈಸೆನ್ಸ್ ಪರೀಕ್ಷೆಗೆ ನನ್ನನ್ನು ಓದಿಸಿದವರು ಅವರೇ. ಬೇರೆ ಯಾರಾದರೂ ಸಿಗಲಿ ಎಂದು ಈ ಅಗ್ಗದ ವಾಕಿಟಾಕಿ ಸೆಟ್ಟಿಗೆ ಕಂಪ್ಯೂಟರಿನ ಕೇಬಲ್ ಹಾಕಿ, ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ, ಸೆಟ್ಟನ್ನು ನಡೆಸುವ ಹೊಸ ಫರ್ಮ್‌ವೇರ್ ತುಂಬಿದೆ. ಈಗ ಹತ್ತಿರದಲ್ಲಿ ಯಾರೇ ರೇಡಿಯೊದಲ್ಲಿ ಮಾತಾಡಿದರೂ ಸೆಟ್ಟಿನ ಪರದೆಯ ಮೇಲೆ ಒಂದು ಗೆರೆ ಏಳುತ್ತದೆ.

ಇವತ್ತು ಎದ್ದಿತು. ಒಂದೇ ಒಂದು, ನೆಟ್ಟಗೆ, ಅಲುಗಾಡದೆ. ನನ್ನ ಕಾಲ್‌ಸೈನ್ ಎಂಬ ಲೈಸೆನ್ಸಿನ ಗುರುತು ಹೇಳಿ ಕರೆದೆ. ಉತ್ತರ ಬರಲಿಲ್ಲ, ಗೆರೆಯೂ ಹೋಗಲಿಲ್ಲ. ಪಾಪ, ಅವರ ಮೈಕ್ ಕೆಟ್ಟಿರಬೇಕು ಎಂದುಕೊಂಡೆ. ನಾನು ಗದಗಿನವಳು, ಇಲ್ಲಿಯ ಜೋಳದ ಹಿಟ್ಟಿಗೆ ರೊಟ್ಟಿ ಹರಿದುಹೋಗುತ್ತದೆ ಎಂದೆಲ್ಲ ಹೇಳಿಕೊಂಡೆ.

ಬಟ್ಟೆ ತೆಗೆಯಲು ಹೊರಗೆ ಬಂದರೆ ಕೆಳಗಿನ ಮನೆಯ ಚಿಕ್ಕಲಕ್ಷ್ಮಮ್ಮ ಆಂಟಿ ಮೆಟ್ಟಿಲಲ್ಲಿ ನಿಂತಿದ್ದರು.

"ಯಾರೇ ಕಲಾ ಅದು, ಇಷ್ಟೊತ್ತು ಮಾತಾಡ್ತಿದ್ದಿದ್ದು?"

"ಫ್ರೆಂಡು, ಆಂಟಿ."

"ಸದ್ಯ, ಯಾರೋ ಒಬ್ರು ಸಿಕ್ಕಿದ್ರಲ್ಲ ಬಿಡು."

ಒಳಗೆ ಬಂದು, ಚಾರ್ಜ್ ತುಂಬಿದ್ದ ಫೋನಿನ ಚಾರ್ಜರ್ ಕಿತ್ತೆ. ಗೆರೆ ಮಾಯವಾಯಿತು. ಮತ್ತೆ ಸಿಕ್ಕಿಸಿದೆ, ಎದ್ದಿತು. ಅಷ್ಟು ಹೊತ್ತು ನಾನು ಮಾತಾಡಿದ್ದು ಚಾರ್ಜರ್ ಹೊಮ್ಮಿಸುವ ವಿದ್ಯುತ್ ಗದ್ದಲದ ಜೊತೆ. ಸಾರ್ ಇದ್ದಿದ್ದರೆ ಇದನ್ನು ಹೇಳಿ ಇಬ್ಬರೂ ನಗಬಹುದಿತ್ತು.

ನಿದ್ದೆ ಬರುತ್ತಿದೆ. ಸೆಟ್ಟು ದಿಂಬಿನ ಪಕ್ಕದಲ್ಲೇ ಇದೆ. ಚಾರ್ಜರ್ ಇನ್ನೂ ಕಿತ್ತಿಲ್ಲ.