ತುಂಬಿಸಿಟ್ಟ ತೊಟ್ಟಿ

ಮನೆ,
ಜುಲೈ ೯, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸಿಮೆಂಟು ತಾಗಿ ನಿನ್ನ ಬೆರಳ ಸಂದಿಗಳೆಲ್ಲ ಒಡೆಯುತ್ತಿದ್ದವಲ್ಲ, ವಾಸಿಯಾಯಿತೆ? ಖಾಲಿ ಹೊಟ್ಟೆಯಲ್ಲಿ ಕಟ್ಟಡದ ಸಾರವೆ ಹತ್ತಬೇಡ, ನಿನಗೆ ತಲೆ ಸುತ್ತುವುದು ನನಗೆ ಗೊತ್ತು. ನಾನು ಒಣಗಿದ ಕಡ್ಡಿಯ ಹಾಗಿದ್ದರೂ ಗಟ್ಟಿಯಾಗಿಯೇ ಇದ್ದೇನೆ. ನೀನು ಬೀಗ ಹಾಕಿಕೊಂಡು ಹೋದ ಮನೆಯ ಕೀಲಿ ಕೇಳಿ ಹಿಂದೆ ಬರೆದ ಎರಡು ಕಾಗದಕ್ಕೆ ನಿನ್ನಿಂದ ಬಂದದ್ದು ಒಂದೇ ಸಾಲು: "ಕೀಲಿ ಕಳಿಸಲ್ಲ, ಒಳಗೆ ನುಗ್ಗೋಕೆ ನೆಪ ಹುಡುಕಬೇಡ." ಓದಿ ಮಡಿಚಿಟ್ಟೆ. ಅಮ್ಮ ಹೋದ ಮೇಲೆ ಮನೆ ಎರಡು ಪಾಲಾಯಿತು. ನಡುವೆ ಗೋಡೆ ಎಬ್ಬಿಸಿದವನೂ ನೀನೆ, ಅದರ ಮೇಲೆ ಗಾಜಿನ ಚೂರು ನೆಟ್ಟವನೂ ನೀನೆ. ಆಗ ನಾನು ತುಟಿಪಿಟಕ್ಕೆನ್ನಲಿಲ್ಲ. ಈಗಲೂ ನಿನ್ನ ಪಾಲಿನ ಒಂದು ಇಟ್ಟಿಗೆಯೂ ನನಗೆ ಬೇಡ. ನಿನ್ನ ಹಿತ್ತಲಿನ ತೊಟ್ಟಿಯ ನೀರು ಚೆಲ್ಲಲು ಅರ್ಧ ಗಂಟೆ ಬೇಕು, ಅಷ್ಟೆ.

ನಿನ್ನನ್ನು ಗಾರೆತಾತ ಎಂದು ಕರೆಯುವ ನನ್ನ ಮೊಮ್ಮಗಳು ಆಸ್ಪತ್ರೆಯಲ್ಲಿದ್ದಾಳೆ. ಸುಡುವ ಜ್ವರ, ಕಣ್ಣಿನ ಹಿಂದೆ ನೋವು, ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ನಮ್ಮ ಗಲ್ಲಿಯವರು ಸುಮ್ಮನಿರುತ್ತಾರೆಯೆ? ಹಂದಿಯಿಂದ ಮಿದುಳುಜ್ವರ ಬರುತ್ತದೆಂದು ಕ್ಷೌರದಂಗಡಿಯವನು ಪೇಪರಿನಲ್ಲಿ ಅರ್ಧ ಓದಿದ. ಉಳಿದರ್ಧವನ್ನು ತಾನೇ ಸೇರಿಸಿ ಹೇಳಿದ. ಗಲ್ಲಿಯ ಕೊನೆಯಲ್ಲಿ ಹಂದಿ ಸಾಕುತ್ತಿದ್ದಳಲ್ಲ, ನಾವೆಲ್ಲ ಗಟ್ಟಿಬಾಯಿ ಎನ್ನುತ್ತಿದ್ದವಳು, ಅವಳ ಬಾಗಿಲಿಗೆ ಹಿಂಡುಹಿಂಡಾಗಿ ಹೋದರು. ಮುಂದಾಳು ನನ್ನ ಮಗನೇ. "ನಿಮ್ಮ ಮನೆಗಿಂತ ನನ್ನ ಹಂದಿ ದೊಡ್ಡಿ ಚೊಕ್ಕಟ ಕಣ್ರೋ, ನಾನು ದಿನಾ ತೊಳೀತೀನಿ!" ಎಂದು ಅವಳು ಕೂಗಿಕೊಂಡಳು. ಯಾರು ಕೇಳುತ್ತಾರೆ? ಸಿಕ್ಕಷ್ಟಕ್ಕೆ ಹಂದಿಗಳನ್ನು ಮಾರಿ, ತಗಡು ಕಿತ್ತುಕೊಂಡು ಹೊರಟುಹೋದಳು. ಹಂದಿ ಹೋಯಿತು, ಜ್ವರ ಹೋಗಲಿಲ್ಲ. ಆಮೇಲೂ ಟೈಲರ್ ಮನೆಯಲ್ಲಿ ಇಬ್ಬರು ಮಲಗಿದರು. ಅವನ ಸೊಸೆ ಏಳಲೇ ಇಲ್ಲ. ಮದುವೆಯಾಗಿ ವರ್ಷ ತುಂಬಿರಲಿಲ್ಲ.

ಆಮೇಲೆ ಸೊಳ್ಳೆ ಹಿಡಿದು ಪರೀಕ್ಷೆ ಮಾಡುವ ಮೇಡಂ ಬಂದರು. ಮಗುವಿನ ಕೋಣೆಯ ಪರದೆಯ ಹಿಂದೆ ಕೂತಿದ್ದ ಒಂದನ್ನು ಗಾಜಿನ ಕೊಳವೆಯಲ್ಲಿ ಹಿಡಿದು, ಭೂತಗನ್ನಡಿ ಕೊಟ್ಟು ನೋಡಿ ಅಂದರು. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಅಲಂಕಾರ ಮಾಡಿಕೊಂಡು ಬಂದ ಹಾಗಿತ್ತು, ಹಾಳಾದ್ದು. ನಾನು ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತವಳು, ಅದಕ್ಕೇ ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ಹಂದಿಯಲ್ಲೂ ಬೆಳ್ಳಕ್ಕಿಯಲ್ಲೂ ಬೆಳೆಯುವ ವೈರಸ್ಸು ನಿಜವಾಗಿಯೂ ಇದೆಯಂತೆ. ಆದರೆ ಅದನ್ನು ಹೊರುವ ಸೊಳ್ಳೆಯೇ ಬೇರೆ. ನೀರು ನಿಂತ ಗದ್ದೆಯಲ್ಲಿ ಹುಟ್ಟಿ ಕತ್ತಲಾದ ಮೇಲೆ ಕಚ್ಚುತ್ತದೆ. ನಮ್ಮ ಮನೆಯಲ್ಲಿ ಸಿಕ್ಕ ಪಟ್ಟೆಕಾಲಿನದು ಮನೆಯೊಳಗಿನ ತಿಳಿನೀರಿನಲ್ಲಿ ಹುಟ್ಟಿ ಹಾಡುಹಗಲೇ ಕಚ್ಚುವುದು. ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಜ್ವರ ದಾಟಿಸುತ್ತದೆ. "ಇದಕ್ಕೆ ಹಂದಿ ಯಾಕಮ್ಮ, ಮನುಷ್ಯರೇ ಸಾಕು" ಅಂದರು ಮೇಡಂ. ನನ್ನ ಮಗ ತಲೆ ತಗ್ಗಿಸಿಕೊಂಡು ಹೊರಗೆ ಹೋದ. ನಾವು ರಾತ್ರಿಯೆಲ್ಲ ಸೊಳ್ಳೆಪರದೆ ಕಟ್ಟಿ, ಬೆಳಗಾದ ಕೂಡಲೇ ಬಿಚ್ಚಿಡುತ್ತಿದ್ದೆವು ನೋಡು!

ಈ ಸೊಳ್ಳೆ ಬಹಳ ದೂರ ಹಾರುವುದಿಲ್ಲವಂತೆ. ಮನೆಮನೆ ಹೊಕ್ಕು ಬಕೆಟ್ಟು, ಹಳೆ ಟೈರು, ಹೂಕುಂಡದ ತಟ್ಟೆ ಎಲ್ಲ ಚೆಲ್ಲಿಸಿದರು. ನಮ್ಮ ಮನೆಯ ಡ್ರಮ್ಮಿನಲ್ಲೂ ಹುಳ ಸಿಕ್ಕವು, ಸುಳ್ಳು ಹೇಳುವುದಿಲ್ಲ. ಆದರೂ ಸೊಳ್ಳೆ ಕಡಿಮೆಯಾಗಲಿಲ್ಲ. ಉಳಿದದ್ದು ನಿನ್ನ ಬೀಗದ ಮನೆ ಒಂದೇ. ಯಜಮಾನರ ಒಪ್ಪಿಗೆಯಿಲ್ಲದೆ ಒಡೆಯುವ ಹಾಗಿಲ್ಲವೆಂದು ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ಅದೂ ಮಳೆಗೆ ಕಳಚಿತು. ಮೇಲಿಂದ ಔಷಧಿ ಎಸೆಯೋಣವೆಂದರೆ ತೊಟ್ಟಿ ಮೆಟ್ಟಿಲ ಮಾಡಿನ ಕೆಳಗಿದೆ, ನಮ್ಮ ತಾರಸಿಯಿಂದ ಅಂಚು ಮಾತ್ರ ಕಾಣುತ್ತದೆ. "ಹೊಸ ತೊಟ್ಟಿ ಒಣಗಿದ್ರೆ ಬಿರುಕು ಬಿಡುತ್ತೆ, ಯಾವಾಗ್ಲೂ ತುಂಬಿರ್ಬೇಕು" ಎಂದು ನೀನೇ ಅಲ್ಲವೆ ಮಾಡಿನ ನೀರು ಅದಕ್ಕೆ ಬೀಳುವ ಹಾಗೆ ಕೊಳವೆ ಕೂರಿಸಿ ಹೋದದ್ದು? ಕೆಲಸದಲ್ಲಿ ನಿನ್ನನ್ನು ಮೀರಿಸುವವರಿಲ್ಲ ಬಿಡು. ಒಂದು ಹನಿ ಸೋರಿದ್ದರೆ ನಮ್ಮ ಮಗುವಿಗೆ ಒಳ್ಳೆಯದಾಗುತ್ತಿತ್ತು.

ಡಾಕ್ಟರು ಇನ್ನೊಂದು ಮಾತು ಹೇಳಿದ್ದಾರೆ. ಈ ಜ್ವರದ ವೈರಸ್ಸಿನಲ್ಲೇ ನಾಲ್ಕು ಬಗೆ. ಒಂದು ಬಂದು ಹೋದವರಿಗೆ ಮತ್ತೊಂದು ಬಗೆ ತಗುಲಿದರೆ ಜೀವಕ್ಕೇ ಕುತ್ತಾಗಬಹುದಂತೆ. ಮಗು ವಾಪಸ್ಸು ಬಂದು ಮಲಗುವ ಕೋಣೆಯ ಕಿಟಕಿ ನಿನ್ನ ಹಿತ್ತಲಿಗೇ ಮುಖ ಮಾಡಿದೆ. ಅಕ್ಕನ ಮೇಲೆ ನಂಬಿಕೆಯಿಲ್ಲದಿದ್ದರೆ ಹೋಗಲಿ, ಕೀಲಿಯನ್ನು ಆ ಮೇಡಂಗೇ ಕಳಿಸು. ಅವರಿಗೆ ನಿನ್ನ ಆಸ್ತಿ ಬೇಕಾಗಿಲ್ಲ.

ನಿನ್ನ ಮೇಲೆ ಎಷ್ಟೇ ಸಿಟ್ಟು ಬಂದರೂ ಶಾಪ ಹಾಕಲು ಬಾಯಿ ಬರುವುದಿಲ್ಲ. ಎತ್ತರದಲ್ಲಿ ನಿಂತಾಗ ನಿನ್ನ ಕಾಲು ಜಾರದಿರಲಿ, ಹೊತ್ತಿಗೆ ಸರಿಯಾಗಿ ಊಟ ಸಿಗಲಿ.

ನಿನ್ನ
ಅಕ್ಕ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನನ್ನ ಸೊಸೆ ಆಸ್ಪತ್ರೆಯಿಂದ ಫೋನು ಮಾಡಿದಳು, ಮಗುವನ್ನು ನಾಳೆಯೇ ಮನೆಗೆ ಕಳಿಸುತ್ತಾರಂತೆ. ನಿನ್ನ ಉತ್ತರಕ್ಕೆ ಕಾಯುವ ಹೊತ್ತಿಲ್ಲ. ಬೀಗ ಒಡೆಸಿದೆ. ತೊಟ್ಟಿಯಲ್ಲಿ ಹುಳ ಮಿಜಿಮಿಜಿ ಎನ್ನುತ್ತಿದ್ದವು. ನೀರು ಚೆಲ್ಲಿ, ಮತ್ತೆ ತುಂಬದಿರಲೆಂದು ತಳಕ್ಕೆ ಉಳಿಯಿಂದ ತೂತು ಹೊಡೆಸಿದ್ದೇನೆ. ನಿನ್ನ ಬೇರೆ ಯಾವ ಸಾಮಾನನ್ನೂ ಮುಟ್ಟಿಲ್ಲ. ಹೊಸ ಬೀಗ ಹಾಕಿದ್ದೇನೆ. ಅದರ ಎರಡೂ ಕೀಲಿ ಈ ಕಾಗದದ ಜೊತೆಗಿವೆ, ನನ್ನ ಹತ್ತಿರ ಒಂದನ್ನೂ ಇಟ್ಟುಕೊಂಡಿಲ್ಲ. ಪೊಲೀಸಿಗೆ ದೂರು ಕೊಡುವುದಿದ್ದರೆ ಕೊಡು. ಒಡೆಸಿದವಳು ನಾನೇ ಎಂದು ಬರೆದುಕೊಟ್ಟಿದ್ದೇನೆ, ಇದನ್ನೇ ತೋರಿಸು.